ಲುತ್ಫಿಯ ಚೀಲದಲ್ಲಿದ್ದ ಅಚ್ಚು

ಲುತ್ಫಿಯ ಚೀಲ ಅಂಗಡಿಯ ಬಾಗಿಲಿಗೆ ತಗುಲಿ 'ಟಕ್' ಎಂದಿತು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಹುಟ್ಟಿದಾಗಿನಿಂದ ಮರದ ನಡುವೆ ಬೆಳೆದು, ಕುರ್ಚಿ ಸೋಫಾ ಮಾರಿಕೊಂಡೇ ತಲೆ ನರೆಸಿಕೊಂಡವಳು ನಾನು. ನಾವು ಕುರ್ಚಿಗೆ ಬಳಸುವ ಬೀಚ್ ಎಂಬ ಗಟ್ಟಿ ಮರ ತಗುಲಿದರೆ ಹೇಗೆ ಸದ್ದಾಗುತ್ತದೆ, ಗಾಜು ತಗುಲಿದರೆ ಹೇಗೆ, ಮೇಲೆ ಚಿನ್ನದ ಬಣ್ಣ ಬಳಿದು ಒಳಗೆ ಪೊಳ್ಳು ಹಲಗೆ ಇಟ್ಟಿದ್ದರೆ ಹೇಗೆ ಎಂದು ಬೆನ್ನು ತಿರುಗಿಸಿಕೊಂಡೇ ಹೇಳಬಲ್ಲೆ. ಈ ಸದ್ದು ಅವು ಯಾವುದರದ್ದೂ ಆಗಿರಲಿಲ್ಲ.

"ಏನೋ ಅದು?" ಎಂದೆ.

"ಸೀಬೆಹಣ್ಣಕ್ಕಾ. ಮನ್ಸೂರಾದಲ್ಲಿ ಚೆನ್ನಾಗಿತ್ತು, ತಂದೆ."

ಸುಳ್ಳು ಹೇಳುವುದಕ್ಕೂ ಒಂದು ಅಂದಾಜು ಬೇಕು. ದುಮ್ಯಾತಿನಲ್ಲಿ ಹುಟ್ಟಿದವನು ಮನ್ಸೂರಾದಿಂದ ಸೀಬೆಹಣ್ಣು ಕೊಂಡು ತರುತ್ತಾನೆಯೇ? ನಮ್ಮ ಊರಿನ ಸೀಬೆ ಕೈರೋದವರೆಗೂ ಹೋಗುತ್ತದೆ.

"ಬಾಗಿಲಿಗೆ ಬಡಿದ್ರೆ ಟಕ್ ಅನ್ನುತ್ತಲ್ಲಪ್ಪ, ಎಂಥ ಹಣ್ಣದು? ಹಲ್ಲು ಮುರಿಯೋಕೆ ತಂದಿದ್ದೀಯಾ?"

"ಕಾಯಿ ಇರ್ಬೇಕು," ಎಂದು ಚೀಲವನ್ನು ಮೇಜಿನ ಕೆಳಗೆ ತಳ್ಳಿ, ನಮಾಜಿಗೆ ಕೈಕಾಲು ತೊಳೆಯಲು ಹಿಂದಕ್ಕೆ ಹೋದ. ನೀರು ಬೀಳುವ ಸದ್ದು ಕೇಳಿದ ಮೇಲೆ ನಾನು ಬಗ್ಗಿ ಚೀಲದ ಬಾಯಿ ಬಿಡಿಸಿದೆ.

ಒಳಗಿದ್ದದ್ದು ಒಂದು ಯಕೃತ್ತು. ನಿಜವಾದದ್ದಲ್ಲ, ಆಸ್ಪತ್ರೆಯವರು ಯಂತ್ರದಲ್ಲಿ ಪದರ ಪದರವಾಗಿ ಅಚ್ಚು ಹಾಕಿ ತೆಗೆಯುವಂಥದ್ದು. ಜೇನಿನ ಬಣ್ಣದ ಪಾರದರ್ಶಕ ಗಟ್ಟಿ. ಅದರೊಳಗೆ ನೀಲಿ ಕೆಂಪು ನಾಳಗಳು ಎಲೆ ಉದುರಿದ ಮರದ ಹಾಗೆ ಕವಲೊಡೆದಿದ್ದವು. ಇಂಥದ್ದನ್ನು ಮನ್ಸೂರಾ ಆಸ್ಪತ್ರೆಯ ಡಾಕ್ಟರ್ ಮಕ್ರಮ್ ಅವರ ಮೇಜಿನ ಮೇಲೆ ನೋಡಿದ್ದೆ. ರೋಗಿಯ ಹೊಟ್ಟೆ ತೆರೆಯುವ ಮೊದಲು ಅವನ ಒಳಗನ್ನೇ ಹೀಗೆ ಮಾಡಿಸಿಕೊಂಡು, ಎಲ್ಲಿ ಕತ್ತರಿಸಬೇಕು ಎಂದು ಕೈಯಲ್ಲಿ ಹಿಡಿದು ನೋಡುತ್ತಾರಂತೆ. ತಳದಲ್ಲಿ ಅಂಟಿಸಿದ ಚೀಟಿಯ ಮೇಲೆ ನನ್ನ ತಮ್ಮನ ಹೆಸರಿತ್ತು. ಲುತ್ಫಿ.

ಆದರೆ ಲುತ್ಫಿಯ ಯಕೃತ್ತು ಅವನ ಅಣ್ಣನಿಗೆ ಹೊಂದುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಆಗಿತ್ತು.

ನಾವು ಮೂವರು. ನಾನು ಇನ್ಸಾಫ್, ದೊಡ್ಡವಳು, ಗಂಡನನ್ನು ಕಳೆದುಕೊಂಡ ಮೇಲೆ ತವರಿನ ಅಂಗಡಿಯನ್ನೇ ನೋಡಿಕೊಂಡಿದ್ದೇನೆ. ಬಹ್ಗತ್ ನಡುವಿನವನು, ಮರ ಕೊಯ್ದು ಚೌಕಟ್ಟು ಕೂಡಿಸುತ್ತಿದ್ದ. ಲುತ್ಫಿ ಕಿರಿಯವನು, ಕೆತ್ತನೆ ಅವನದು. ಬಹ್ಗತ್‌ನ ರಕ್ತದಲ್ಲಿ ಹಳೆಯ ವೈರಸ್ ಒಂದಿತ್ತು. ಗುಳಿಗೆ ಬಂದು ಅದು ಹೋಯಿತು, ಆದರೆ ಅಷ್ಟರಲ್ಲಿ ಅವನ ಯಕೃತ್ತು ಬಿಸಿಲಿಗೆ ಬಿಟ್ಟ ಹಲಗೆಯಂತೆ ಒಣಗಿ ಸೀಳಿಹೋಗಿತ್ತು. ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ, ಗರಗಸ ಎತ್ತಲಾರದ ಸ್ಥಿತಿಗೆ ಬಂದ. ಬಂಧುಗಳಲ್ಲಿ ಯಾರಾದರೂ ತಮ್ಮ ಯಕೃತ್ತಿನ ಒಂದು ಭಾಗ ಕೊಟ್ಟರೆ ಬದುಕುತ್ತಾನೆ, ಇಲ್ಲದಿದ್ದರೆ ಚಳಿಗಾಲ ದಾಟುವುದು ಕಷ್ಟ ಎಂದರು. ಕೊಟ್ಟವರದ್ದು ಮತ್ತೆ ಬೆಳೆಯುತ್ತದಂತೆ.

ನನಗೆ ವಯಸ್ಸು ಮೀರಿದೆ, ಮೇಲೆ ಸಕ್ಕರೆ ಕಾಯಿಲೆ. ಬಹ್ಗತ್‌ನ ಹೆಂಡತಿಯ ರಕ್ತದ ಗುಂಪು ಬೇರೆ. ಲುತ್ಫಿ ಯಾರೂ ಕೇಳುವ ಮೊದಲೇ "ನಂದು ತಗೊಳ್ಳಿ" ಎಂದ. ರಕ್ತ ಹೊಂದಿತು, ಪರೀಕ್ಷೆಗಳು ಒಂದರ ಹಿಂದೆ ಒಂದು ನಡೆದವು. ಆಮೇಲೆ ಒಂದು ಬೆಳಗ್ಗೆ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು. ಅವನು ಹೊರಬಂದು, "ಆಗಲ್ವಂತಕ್ಕಾ. ಹೊಂದಲ್ವಂತೆ," ಎಂದ. ನನ್ನ ಮುಖ ನೋಡಲಿಲ್ಲ.

ಅವನ ಪಕ್ಕದಲ್ಲಿದ್ದ ಹೆಂಡತಿ ಸೌಸನ್ ಮಾತ್ರ ಮೇಲೆ ನೋಡಿ ದೇವರಿಗೆ ಕೈಯೆತ್ತಿದಳು.

ಅದೇ ದಿನ ಆಸ್ಪತ್ರೆಯ ಹಜಾರದಲ್ಲಿ ತಂತಾ ಊರಿನಿಂದ ಬಂದಿದ್ದ ಒಬ್ಬ ದಪ್ಪ ಹೆಂಗಸು ನನ್ನ ಪಕ್ಕದಲ್ಲಿ ಕೂತು ಕಡಲೆಬೀಜ ಸುಲಿಯುತ್ತಾ ಹಿರಿಯ ಹೆಂಗಸರನ್ನು ಕರೆಯುವಂತೆ ಹಾಜ್ಜಾ ಎಂದು ಕರೆದು ಕಿವಿಯಲ್ಲಿ ಹೇಳಿದ್ದಳು: "ಹೊಂದಲ್ಲ ಅಂದ್ರಾ? ಹಾಜ್ಜಾ, ಕೊಡೋರು ಹೆದರಿ ಹಿಂದೆ ಸರಿದ್ರೂ ಡಾಕ್ಟ್ರು ಹಾಗೇ ಹೇಳೋದು. ಮನೇಲಿ ಅವನ ಮಾನ ಉಳೀಲಿ ಅಂತ. ನನ್ನ ಮೈದುನಂದೂ ಇದೇ ಕಥೆ. ಯಾವೂರು ನಿಮ್ಮದು, ದುಮ್ಯಾತಾ? ಅಯ್ಯೋ, ನಿಮ್ಮೋರು ಅತಿಥಿಗೆ ಇನ್ನೊಂದು ರೊಟ್ಟಿ ಹಾಕೋಕೇ ಯೋಚಿಸ್ತಾರೆ, ಲಿವರ್ ಕೊಡ್ತಾರಾ!"

ಆಗ ನಕ್ಕು ಬಿಟ್ಟಿದ್ದೆ. ಈಗ ಆ ಚೀಲದ ಮುಂದೆ ಬಗ್ಗಿ ನಿಂತಾಗ ಆ ಮಾತು ಮುಳ್ಳಿನಂತೆ ಚುಚ್ಚಿತು.

ನಮ್ಮ ಕಸುಬಿನಲ್ಲಿ ಒಂದು ರೀತಿ ಇದೆ. ಗಿರಾಕಿ ಬಂದು, ಮರ ಆರಿಸಿ, ಮಾತು ಗಟ್ಟಿಯಾದ ಮೇಲೆಯೇ ಅಚ್ಚು ಕತ್ತರಿಸುವುದು. ಒಂದು ಕುರ್ಚಿಯ ಬೆನ್ನಿನ ಅಚ್ಚು ಮಾಡುವುದೆಂದರೆ ಒಳ್ಳೆಯ ಕೆಲಸಗಾರನ ಕೈ ಅಷ್ಟು ಹೊತ್ತು ಅದರಲ್ಲೇ ಸಿಕ್ಕಿಬೀಳುತ್ತದೆ. ಮಾಡದ ಕುರ್ಚಿಗೆ ಇಡೀ ದುಮ್ಯಾತಿನಲ್ಲಿ ಯಾರೂ ಅಚ್ಚು ಮಾಡುವುದಿಲ್ಲ. ಹಾಗಿದ್ದ ಮೇಲೆ ಲುತ್ಫಿಯ ಯಕೃತ್ತಿಗೆ ಯಾಕೆ ಅಚ್ಚು ಹಾಕಿದರು? ಹೊಂದಿತ್ತು ಎಂದೇ ಅಲ್ಲವೇ? ಎಲ್ಲ ಗಟ್ಟಿಯಾಗಿತ್ತು, ಅಚ್ಚೂ ತಯಾರಾಗಿತ್ತು, ಕೊನೆಗಳಿಗೆಯಲ್ಲಿ ನನ್ನ ತಮ್ಮ ಹಿಂದೆ ಸರಿದ. ಡಾಕ್ಟರು ಅವನ ಮಾನ ಮುಚ್ಚಿದರು.

ಚೀಲವನ್ನು ಇದ್ದಂತೆಯೇ ಮುಚ್ಚಿಟ್ಟೆ.

ಹೆದರಿದ್ದಾನೆ ಎಂಬುದಷ್ಟೇ ಆಗಿದ್ದರೆ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಹೆದರುವುದು ಪಾಪವಲ್ಲ. ಆದರೆ ಅವನ ಜಾಗಕ್ಕೆ ಈಗ ಬಹ್ಗತ್‌ನ ಮಗಳು ರಾವ್ಯಾ ನಿಂತಿದ್ದಳು. ಮದುವೆ ಗೊತ್ತಾದ ಹುಡುಗಿ. ಪರೀಕ್ಷೆಗಳೆಲ್ಲ ಮುಗಿದು, ಮುಂದಿನ ವಾರ ಹೋಗಿ ಒಪ್ಪಿಗೆಯ ರುಜು ಹಾಕುವುದು ಬಾಕಿ. ಚಿಕ್ಕಪ್ಪ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗ ಆ ಎಳೆ ಹೊಟ್ಟೆಯನ್ನು ಯಾಕೆ ಕೊಯ್ಯಬೇಕು?

ಗುರುವಾರ ಸೌಸನ್ ಬಾತುಕೋಳಿಯ ಹೊಟ್ಟೆಗೆ ಈರುಳ್ಳಿ ತುಂಬಿ ಬೇಯಿಸಿದ್ದಳು. ನನಗೆ ತೊಡೆಯ ತುಂಡು ಹಾಕಿದಳು. ಬಹ್ಗತ್‌ಗೆ ಉಪ್ಪಿಲ್ಲದ ಅನ್ನ ಕಳಿಸಿ ಆಗಿತ್ತು.

"ಲುತ್ಫಿ, ಡಾಕ್ಟ್ರು ನಿಂಗೆ ಅದ್ಯಾಕೆ ಹೊಂದಲ್ಲ ಅಂದ್ರು, ಇನ್ನೊಂದ್ಸಲ ಹೇಳು," ಎಂದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹೇಳಿದ್ನಲ್ಲಕ್ಕಾ. ಕೊಯ್ದ್ರೆ ನಂಗೆ ಉಳಿಯೋದು ಕಮ್ಮಿ ಆಗುತ್ತಂತೆ."

"ಕಮ್ಮಿ ಅಂದ್ರೆ? ನಿನ್ನ ಹೊಟ್ಟೆ ನೋಡಿದ್ರೆ ಹಾಗನ್ಸಲ್ಲ."

"ಅತ್ತಿಗೆ, ಆ ಮಾತು ಮುಗೀತು," ಎಂದು ಸೌಸನ್ ನಡುವೆ ಬಂದಳು. "ಡಾಕ್ಟ್ರೇ ಬೇಡ ಅಂದ್ಮೇಲೆ ಇನ್ನೇನು ಕೆದಕೋದು? ನಂಗೂ ಮೂರು ಮಕ್ಕಳಿದ್ದಾವೆ. ಮುಗೀತು ತಾನೇ ರೀ?"

"ಮುಗೀತು," ಎಂದ ಲುತ್ಫಿ. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ.

"ಎಲ್ಲಿಗೆ?"

"ಕೆತ್ತನೆ ಕೋಣೆಗೆ. ಕೆಲಸ ಇದೆ."

ಯಾವ ಕೆಲಸ? ಬಹ್ಗತ್ ಹಾಸಿಗೆ ಹಿಡಿದ ಮೇಲೆ ಹೊಸ ಚೌಕಟ್ಟು ಒಂದೂ ಆಗಿರಲಿಲ್ಲ. ಇರುವ ಕೆತ್ತನೆಯನ್ನೆಲ್ಲ ಗಿರಾಕಿಗೆ ಕಳಿಸಿದವಳು ನಾನೇ. ಆದರೂ ದಿನವೂ ಆ ಕೋಣೆಯಿಂದ ಸದ್ದು ಬರುತ್ತಿತ್ತು. ಉಳಿಯ ಸದ್ದು, ಆಮೇಲೆ ಸಣ್ಣ ಗರಗಸದ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ಬರುವಾಗ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅಪ್ಪನ ಕಾಲದಿಂದ ಆ ಕೋಣೆಗೆ ಹಗಲು ಹೊತ್ತು ಬೀಗ ಬಿದ್ದದ್ದೇ ಇಲ್ಲ.

ನಾನು ನೇರವಾಗಿ ರಾವ್ಯಾಳ ಬಳಿ ಹೋದೆ. ಅಪ್ಪನ ಕಾಲು ಒತ್ತುತ್ತಾ ಕೂತಿದ್ದಳು. ಹೊರಗೆ ಕರೆದು, "ರುಜು ಹಾಕ್ಬೇಡ ಕಣೇ," ಎಂದೆ.

"ಯಾಕತ್ತೆ?"

"ನಿನ್ನ ಚಿಕ್ಕಪ್ಪ ಕೊಡ್ಬಹುದಿತ್ತು. ಹಿಂದೆ ಸರಿದಿದ್ದಾನೆ. ನಾನು ಬಾಯಿ ಬಿಡಿಸ್ತೀನಿ, ಅಲ್ಲೀತನಕ ತಡಿ."

ಅವಳು ನನ್ನನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ಮೊದಲ ಸಲ ಹೆದರಿಕೆ ಕಂಡಿತು. "ಅಪ್ಪನ ಕಣ್ಣು ನೋಡಿದ್ಯಾ ಇವತ್ತು? ಅವ್ರಿಗೆ ತಡೆಯೋಷ್ಟು ಟೈಮ್ ಇದ್ಯಾ?"

ಆದರೂ ನಾನು ಹಠ ಬಿಡಲಿಲ್ಲ.

ಮರುದಿನ ಶುಕ್ರವಾರ. ಗಂಡಸರೆಲ್ಲ ಮಸೀದಿಗೆ ಹೋದರು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಅಪ್ಪನ ಹಳೆಯ ಕೀಲಿಗೊಂಚಲು ನೇತಾಡುತ್ತಿತ್ತು. ಲುತ್ಫಿಗೆ ಅದರ ನೆನಪಿರಲಿಲ್ಲ, ನನಗಿತ್ತು. ಕೆತ್ತನೆ ಕೋಣೆಯ ಬೀಗ ತೆಗೆದು ಒಳಗೆ ಹೋದೆ.

ಕೆಲಸದ ಮೇಜಿನ ಮೇಲೆ ಹಳೆಯ ಚಾದರ ಹೊದಿಸಿತ್ತು. ಎತ್ತಿದೆ. ಜೇನುಬಣ್ಣದ ಆ ಅಚ್ಚು ನಡುವೆ ಕೂತಿತ್ತು. ಅದರ ಸುತ್ತ ಅದೇ ಆಕಾರದ, ಅದೇ ಗಾತ್ರದ ಮರದ ಯಕೃತ್ತುಗಳು. ಒಳ್ಳೆಯ ಬೀಚ್ ಮರದಲ್ಲಿ, ಒಂದೇ ದಿಮ್ಮಿಯಿಂದ ಕೆತ್ತಿದವು. ಮೇಲ್ಮೈಯಲ್ಲಿ ಒಳಗಿನ ನಾಳಗಳ ದಾರಿಯನ್ನು ನೀಲಿ ಕೆಂಪು ಬಣ್ಣದಲ್ಲಿ ಎಳೆದಿದ್ದ. ಒಂದೊಂದನ್ನೂ ಒಂದೊಂದು ಕಡೆ ಗರಗಸದಿಂದ ಎರಡು ಮಾಡಿದ್ದ. ಒಂದು ಓರೆಯಾಗಿ, ಒಂದು ನೇರವಾಗಿ, ಇನ್ನೊಂದು ಹಾವಿನಂತೆ ಬಳುಕಿ. ಪಕ್ಕದಲ್ಲಿ ನಾವು ಅಂಟು ತೂಗುವ ತಕ್ಕಡಿ. ಒಂದು ತಟ್ಟೆಯಲ್ಲಿ ದೊಡ್ಡ ತುಂಡು, ಇನ್ನೊಂದರಲ್ಲಿ ಚಿಕ್ಕದು.

ನನಗೆ ಹೊಳೆದದ್ದೇನು ಗೊತ್ತೇ? ಇವನು ನಕಲಿ ಮಾಡುತ್ತಿದ್ದಾನೆ. ನಾಳೆ ಮನೆಯವರು ಕೇಳಿದರೆ, 'ನೋಡಿ, ನನ್ನದು ಹೀಗಿದೆ, ಎಲ್ಲಿ ಕೊಯ್ದರೂ ಆಗುವುದಿಲ್ಲ' ಎಂದು ತೋರಿಸಲು ಬೇಕಾದ ಹಾಗೆ ಕೆತ್ತಿ ಇಟ್ಟುಕೊಂಡಿದ್ದಾನೆ. ಅಷ್ಟು ಬುದ್ಧಿ ಇದೆ ಅವನಿಗೆ, ಅಂಥ ಕೈಯೂ ಇದೆ. ಅಚ್ಚನ್ನೂ, ಎರಡು ತುಂಡಾದ ಒಂದು ಮರದ್ದನ್ನೂ ಚಾದರದಲ್ಲಿ ಗಂಟು ಕಟ್ಟಿಕೊಂಡು ಹೊರಬಂದೆ.

ಶನಿವಾರ ಬೆಳಗ್ಗೆ ರಾವ್ಯಾಳನ್ನು ಎಬ್ಬಿಸಿ ಮನ್ಸೂರಾದ ಮೈಕ್ರೋಬಸ್ ಹತ್ತಿಸಿದೆ. ಗಂಟು ನನ್ನ ಮಡಿಲಲ್ಲಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಹಾಜ್ಜಾ, ದುಮ್ಯಾತ್ ಚೀಸ್ ಆದ್ರೆ ನೆರಳಿಗಿಡಿ, ಬಿಸಿಲು ಬೀಳ್ತಿದೆ," ಎಂದ. "ಕೆಡೋದೆಲ್ಲಾ ಆಗ್ಲೇ ಕೆಟ್ಟಿದೆ, ನೀನು ದಾರಿ ನೋಡು," ಎಂದೆ.

ಡಾಕ್ಟರ್ ಮಕ್ರಮ್ ಸಣ್ಣ ದೇಹದ, ನಿಧಾನ ಮಾತಿನ ಮನುಷ್ಯ. ನಾನು ಸಲಾಂ ಕೂಡ ಹೇಳದೆ ಗಂಟನ್ನು ಮೇಜಿನ ಮೇಲೆ ಬಿಚ್ಚಿದೆ.

"ಇದು ನನ್ನ ತಮ್ಮಂದು. ಹೊಂದಲ್ಲ ಅಂದ್ರಿ. ಹೊಂದದೇ ಇದ್ರೆ ಅಚ್ಚು ಯಾಕೆ ಹಾಕಿದ್ರಿ ಡಾಕ್ಟ್ರೇ? ನಮ್ಮೂರಲ್ಲಿ ಮಾಡದ ಕುರ್ಚಿಗೆ ಯಾರೂ ಅಚ್ಚು ಮಾಡಲ್ಲ. ಅವನು ಹೆದರಿದ, ನೀವು ಮುಚ್ಚಿಟ್ರಿ. ಹೌದೋ ಅಲ್ವೋ?"

ಅವರು ನನ್ನ ಮಾತು ಕೇಳಿದರೋ ಇಲ್ಲವೋ ತಿಳಿಯಲಿಲ್ಲ. ಮರದ ತುಂಡುಗಳನ್ನು ಎತ್ತಿ ಕೂಡಿಸಿದರು, ಬಿಡಿಸಿದರು, ಮತ್ತೆ ಕೂಡಿಸಿದರು.

"ಇನ್ನೊಂದು ಮಾಡಿದ್ನಾ!" ಎಂದರು.

"ಇನ್ನೊಂದಾ? ಅಂದ್ರೆ?"

ಅವರು ತುಂಡುಗಳನ್ನು ಮೇಜಿನ ಮೇಲಿಟ್ಟರು. "ಹಾಜ್ಜಾ ಇನ್ಸಾಫ್, ಅವನ ವಿಷಯ ಅವನನ್ನ ಕೇಳದೆ ನಾನು ಹೇಳೋ ಹಾಗಿಲ್ಲ. ತಾಯಿ ಬಂದು ಕೇಳಿದ್ರೂ ಹೇಳಲ್ಲ."

"ಹಾಗಾದ್ರೆ ಕೇಳಿ. ಫೋನ್ ಇದ್ಯಲ್ಲ. ನಮ್ಮೆದುರೇ ಕೇಳಿ."

ಅವರು ಸ್ವಲ್ಪ ಯೋಚಿಸಿ ಫೋನ್ ಮಾಡಿದರು. ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. "ಲುತ್ಫಿ, ನಿಮ್ಮಕ್ಕ ಇಲ್ಲಿದ್ದಾರೆ, ರಾವ್ಯಾನೂ ಇದ್ದಾಳೆ. ನಿಮ್ಮ ಮರದ ಕೆಲಸ ನನ್ನ ಮೇಜಿನ ಮೇಲಿದೆ. ಏನು ಹೇಳ್ಲಿ?"

ಆ ಕಡೆಯಿಂದ ನನ್ನ ತಮ್ಮನ ದನಿ: "ಅಕ್ಕಾ, ಬೀಗ ಒಡೆದ್ಯಾ?"

"ಅಪ್ಪನ ಕೀಲಿ."

"ಥೂ. ಅದು ಮರ್ತೇ ಹೋಗಿತ್ತು." ಆಮೇಲೆ ಡಾಕ್ಟರಿಗೆ ಹೇಳಿದ: "ಹೇಳಿ ಡಾಕ್ಟ್ರೇ, ಎಲ್ಲಾ ಹೇಳಿ. ಆದ್ರೆ ಸೌಸನ್‌ಗೆ ಗೊತ್ತಾಗ್ಬಾರ್ದು ಅಂತ ಅಕ್ಕನ ಹತ್ರ ಆಣೆ ಹಾಕಿಸ್ಕೊಳ್ಳಿ. ಮುಗೀತು ಅಂತ ಹೇಳಿದ್ದೀನಿ ಅವಳಿಗೆ. ಇನ್ನೂ ಪ್ರಯತ್ನ ಮಾಡ್ತಿದ್ದೀನಿ ಅಂತ ತಿಳಿದ್ರೆ ಮಕ್ಕಳನ್ನ ಕಟ್ಕೊಂಡು ತವರಿಗೆ ಹೋಗ್ತಾಳೆ."

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ.

ಡಾಕ್ಟರು ಜೇನುಬಣ್ಣದ ಅಚ್ಚನ್ನು ಬೆಳಕಿಗೆ ಹಿಡಿದರು. "ನಿಮ್ಮಲ್ಲಿ ಮಾಡೋದು ಖಾತ್ರಿ ಆದ್ಮೇಲೆ ಅಚ್ಚು. ನಂಗೆ ಖಾತ್ರಿ ಇಲ್ದಾಗ್ಲೇ ಅಚ್ಚು ಬೇಕು. ಪರದೆ ಮೇಲೆ ನೋಡಿದಾಗ ಇವನದ್ದು ಕಷ್ಟ ಅನ್ನಿಸ್ತು. ಕೈಯಲ್ಲಿ ಹಿಡಿದು ನೋಡಿದ್ರೆ ಏನಾದ್ರೂ ದಾರಿ ಸಿಗುತ್ತಾ ಅಂತ ಮಾಡ್ಸಿದೆ. ನೋಡಿ, ಈ ನೀಲಿ ನಾಳ. ಎಲ್ರಿಗೂ ಇಲ್ಲಿ ತಿರುಗುತ್ತೆ, ಇವನಿಗೆ ಅಲ್ಲಿ ತಿರುಗಿದೆ. ಇದರ ಈಚೆ ಕೊಯ್ದ್ರೆ ಬಹ್ಗತ್‌ಗೆ ಹೋಗೋ ಭಾಗದಿಂದ ರಕ್ತ ಹೊರಗೆ ಹೋಗೋಕೆ ದಾರಿ ಇಲ್ಲ, ಅದು ಕೆಲಸ ಮಾಡಲ್ಲ. ಆಚೆ ಕೊಯ್ದ್ರೆ ಲುತ್ಫಿಗೆ ಉಳಿಯೋದು ಇಷ್ಟು." ಮರದ ಚಿಕ್ಕ ತುಂಡನ್ನು ನನ್ನ ಅಂಗೈಯಲ್ಲಿಟ್ಟರು. ನನ್ನ ಮುದಿ ಮುಷ್ಟಿಯೊಳಗೆ ಮುಚ್ಚಿಹೋಯಿತು.

"ಇಷ್ಟರಲ್ಲಿ ಅವನು ಬದುಕಲ್ಲ. ಹಾಗಂದಾಗ ಈ ಅಚ್ಚು ಕೊಡಿ ಅಂದ. ಇನ್ನು ನಂಗೆ ಬೇಡ ಅಂತ ಕೊಟ್ಟೆ. ಅವತ್ತಿಂದ ಮರದಲ್ಲಿ ಕೆತ್ತಿ, ಕೊಯ್ದು, ತೂಕ ಮಾಡಿ, ಹಿಡ್ಕೊಂಡು ಬರ್ತಾನೆ. ಡಾಕ್ಟ್ರೇ ಹೀಗೆ ಕೊಯ್ದ್ರೆ? ಹಾಗೆ ಕೊಯ್ದ್ರೆ? ಅಂತಾನೆ. ಪ್ರತಿ ಸಲ ನಾನು ಆಗಲ್ಲ ಅಂತೀನಿ. ಹೋದ ಸಲ ಇಂಥದ್ದೇ ಚಿಕ್ಕ ತುಂಡೊಂದನ್ನ ತೋರ್ಸಿ ಏನಂದ ಗೊತ್ತಾ? ನಂಗೆ ಇಷ್ಟು ಸಾಕು ಡಾಕ್ಟ್ರೇ, ನಾನು ಚಿಕ್ಕೋನು, ಚಿಕ್ಕಂದಿನಿಂದ ಉಳಿದಿದ್ದರಲ್ಲೇ ಬೆಳೆದೋನು ಅಂದ. ನಾನು ಅವನನ್ನ ಬೈದು ಕಳಿಸ್ದೆ."

ಫೋನ್ ಇನ್ನೂ ತೆರೆದೇ ಇತ್ತು. ಆ ಕಡೆಯಿಂದ ಲುತ್ಫಿ ಮೂಗೆಳೆದುಕೊಂಡದ್ದು ಕೇಳಿಸಿತು. "ಅಕ್ಕಾ, ಆ ತುಂಡು ಕೆಳಗೆ ಹಾಕ್ಬೇಡ. ಅಂಚು ಒಡೆಯುತ್ತೆ."

"ಹಾಕಲ್ಲ ಕಣೋ," ಎಂದೆ.

ರಾವ್ಯಾ ಗೋಡೆಗೆ ಒರಗಿ ನಿಂತು ಎಲ್ಲ ಕೇಳುತ್ತಿದ್ದಳು. "ಡಾಕ್ಟ್ರೇ, ರುಜು ಎಲ್ಲಿ ಹಾಕ್ಬೇಕು?" ಎಂದಳು.

"ತಡಿ," ಎಂದೆ ನಾನು.

"ಅತ್ತೆ!"

"ತಡಿ ಅಂದೆ." ವ್ಯಾಪಾರದಲ್ಲಿ ಒಮ್ಮೆ ಮೋಸಹೋದವಳು ಎರಡನೇ ಸಲ ಸೋಫಾದ ಬಟ್ಟೆ ಬಿಚ್ಚಿ ಒಳಗಿನ ಮರ ನೋಡುತ್ತಾಳೆ. ನಾನು ನನ್ನ ತಲೆಯಿಂದಲೇ ಮೋಸಹೋಗಿದ್ದೆ, ಆದರೂ ಕಣ್ಣು ಕಿತ್ತು ಇಡಲಾಗುತ್ತದೆಯೇ? ಡಾಕ್ಟರ ಹಿಂದಿನ ಕಪಾಟಿನಲ್ಲಿ ಜೇನುಬಣ್ಣದ ಇನ್ನೊಂದು ಅಚ್ಚು ಕಂಡಿತ್ತು. "ಅದು ಯಾರದ್ದು?"

"ರಾವ್ಯಾದು."

"ಖಾತ್ರಿ ಇಲ್ದಾಗ್ಲೇ ಅಚ್ಚು ಅಂದ್ರಿ. ಹಾಗಾದ್ರೆ ಈ ಹುಡುಗೀದು ಯಾಕೆ ಹಾಕಿದ್ರಿ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. ಬೈಯುತ್ತಾರೆ ಅಂದುಕೊಂಡೆ. ನಕ್ಕರು. "ಹಾಜ್ಜಾ, ನೀವು ನನ್ನ ವಿದ್ಯಾರ್ಥಿ ಆಗಿದ್ರೆ ಚೆನ್ನಾಗಿತ್ತು, ನನ್ನ ತಲೆ ತಿನ್ನೋಕೆ." ಅದನ್ನು ತಂದು ನನ್ನ ಮುಂದಿಟ್ಟರು. ಇದನ್ನು ಎರಡಾಗಿ ಬಿಡಿಸುವ ಹಾಗೆಯೇ ಮಾಡಿಸಿದ್ದರು. "ಇಲ್ಲೊಂದು ಪ್ರಶ್ನೆ ಇತ್ತು. ಪಿತ್ತ ಹೋಗೋ ಈ ಹಸಿರು ನಾಳ ಇವಳಿಗೆ ಎರಡಿವೆ. ಎರಡನ್ನೂ ಬೇರೆ ಬೇರೆ ಹೊಲೀಬೇಕು. ಹೊತ್ತು ಹೆಚ್ಚು ಹಿಡಿಯುತ್ತೆ, ಆಮೇಲೆ ಸೋರೋ ಅಪಾಯ ಸ್ವಲ್ಪ ಜಾಸ್ತಿ, ಅದೂ ಬಹ್ಗತ್‌ಗೆ. ಅದನ್ನ ಮುಚ್ಚಿಡಲ್ಲ, ರಾವ್ಯಾಗೂ ಹೇಳಿದ್ದೀನಿ. ಆದ್ರೆ ಎಲ್ಲಿ ಕೊಯ್ಬೇಕು ಅಂತ ಈಗ ನಂಗೆ ಗೊತ್ತು."

"ಇವಳಿಗೆ ಉಳಿಯೋದು ಎಷ್ಟು? ಕೊಡಿ ಇಲ್ಲಿ."

ಕೊಟ್ಟರು. ಎರಡೂ ಅಂಗೈ ಕೂಡಿಸಿದರೂ ತುಂಬಿ ಮೇಲೆ ಬಂತು. ಒಂದು ಕೈಗೆ ಲುತ್ಫಿಯ ತುಂಡು ತೆಗೆದುಕೊಂಡು, ಇನ್ನೊಂದಕ್ಕೆ ಇದನ್ನಿಟ್ಟು, ಸಂತೆಯಲ್ಲಿ ನಿಂತವಳಂತೆ ತೂಗಿ ನೋಡಿದೆ. ಮರಕ್ಕೂ ಇದಕ್ಕೂ ತೂಕ ಬೇರೆ ಎಂದು ನನಗೆ ಗೊತ್ತು. ಆದರೂ ತೂಗಿದೆ.

"ಸಾಕಾ ಅತ್ತೆ?" ಎಂದಳು ರಾವ್ಯಾ. "ಇಲ್ಲ, ಕಚ್ಚಿ ನೋಡ್ತೀಯಾ?"

"ಎಲ್ಲಿ ಹಾಕ್ಬೇಕೋ ಹಾಕು, ಹೋಗು," ಎಂದೆ.

ಶಸ್ತ್ರಚಿಕಿತ್ಸೆಯ ದಿನ ನಾವೆಲ್ಲ ಆ ಹಜಾರದಲ್ಲೇ ಕೂತಿದ್ದೆವು. ರಾವ್ಯಾಳ ಅಚ್ಚನ್ನು ಶುದ್ಧವಾದ ಚೀಲವೊಂದರಲ್ಲಿ ಹಾಕಿ ಡಾಕ್ಟರು ಒಳಗೆ ಒಯ್ದದ್ದನ್ನು ನೋಡಿದೆ. ಲುತ್ಫಿ ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಅಂಗೈ ಮೇಲೆ ಒಂದೇ ಗೆರೆಯನ್ನು ಎಳೆಯುತ್ತಿದ್ದ. ಸೌಸನ್ ನನಗೆ ನೀರು ಕೊಟ್ಟಳು, ಅವನಿಗೂ ಕೊಟ್ಟಳು. ಸಂಜೆ ಡಾಕ್ಟರು ಹೊರಬಂದರು. "ಇಬ್ರೂ ಚೆನ್ನಾಗಿದ್ದಾರೆ. ಅಚ್ಚಲ್ಲಿ ಇದ್ದ ಹಾಗೇ ಇತ್ತು," ಎಂದರು. ಬಹ್ಗತ್‌ಗೆ ಆಮೇಲೆ ಸ್ವಲ್ಪ ಸೋರಿತು, ಅವರು ಹೇಳಿದ್ದೇ ಆಯಿತು. ಕೊಳವೆ ಹಾಕಿ ನಿಲ್ಲಿಸಿದರು. ರಾವ್ಯಾ ಅಷ್ಟರಲ್ಲಿ ಎದ್ದು ಓಡಾಡಿ, ಉಪ್ಪು ಹಾಕದ ಸೂಪಿಗೆ ದಾದಿಯರನ್ನು ಬೈಯುತ್ತಿದ್ದಳು.

ಬಹ್ಗತ್ ಮನೆಗೆ ಬಂದ ಮೇಲೆ ನಾನು ಕೆತ್ತನೆ ಕೋಣೆ ಗುಡಿಸಲು ಹೋದೆ. ಬೀಗವಿರಲಿಲ್ಲ. ಲುತ್ಫಿ ಹೊಸ ಕುರ್ಚಿಯ ಬೆನ್ನಿಗೆ ಬಳ್ಳಿ ಕೆತ್ತುತ್ತಿದ್ದ. ಮರದ ಯಕೃತ್ತುಗಳನ್ನೆಲ್ಲ ನಾನು ಬುಟ್ಟಿಗೆ ತುಂಬುತ್ತಿರುವಾಗ ಸೌಸನ್ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು. ಬುಟ್ಟಿಯ ಮೇಲೆ ಅವಳ ಕಣ್ಣು ನಿಂತಿತು.

"ಇದೇನು ಅತ್ತಿಗೆ?"

ಲುತ್ಫಿಯ ಉಳಿ ನಿಂತಿತು.

"ಕುರ್ಚಿ ಕಾಲಿನ ಅಚ್ಚು ಕಣೇ," ಎಂದೆ. "ಅಲೆಕ್ಸಾಂಡ್ರಿಯಾದ ಗಿರಾಕಿ ಒಬ್ಬ ಕೇಳಿದ್ದ. ಸರಿಹೋಗ್ಲಿಲ್ಲ."

"ಕುರ್ಚಿಗೆ ಇಂಥ ಕಾಲಾ?"

"ದೊಡ್ಡೋರ ರುಚಿ. ನಮಗೇನು ತಿಳಿಯುತ್ತೆ?"

ಅವಳು ಚಹಾ ಕೆಳಗಿಟ್ಟು, ಒಂದು ಚಿಕ್ಕ ತುಂಡನ್ನು ಎತ್ತಿಕೊಂಡಳು. ಅದರ ಮೇಲಿನ ನೀಲಿ ಗೆರೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿ ಕಿವಿಗೊಟ್ಟಳು.

"ಒಳ್ಳೇ ಬೀಚ್ ಮರ," ಎಂದಳು. "ಸರಿಹೋಗದ ಕಾಲಿಗೆ ಇಷ್ಟು ಒಳ್ಳೇ ಮರಾನಾ?"

ಲುತ್ಫಿ ತಲೆ ಬಗ್ಗಿಸಿ ಮತ್ತೆ ಬಳ್ಳಿ ಕೆತ್ತಲು ತೊಡಗಿದ. ಸೌಸನ್ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಅವಳು ಈ ಮನೆಗೆ ಬಂದೂ ಬಹಳ ಕಾಲವಾಯಿತಲ್ಲ. ಮರದ ಸದ್ದು ಅವಳಿಗೂ ತಿಳಿಯುತ್ತದೆ.